ಬಳಗ ಹರಡಿದಷ್ಟೂ ಹಂಗು ಕಡಿಮೆ

ಕೆನಡಾದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ತುಂಬಿಕೊಡಬೇಕಾದ ಅರ್ಜಿಯಲ್ಲಿ ಒಂದು ಸಾಲು ಇರುತ್ತದೆ: ತುರ್ತು ಸಂದರ್ಭದಲ್ಲಿ ತಂದೆತಾಯಿ ಸಿಗದಿದ್ದರೆ ಯಾರಿಗೆ ಫೋನ್ ಮಾಡಬೇಕು? ದಾವಣಗೆರೆಯಲ್ಲೋ ಮೈಸೂರಿನಲ್ಲೋ ಈ ಪ್ರಶ್ನೆ ಕೇಳಿದರೆ ಅಜ್ಜಿ, ಚಿಕ್ಕಪ್ಪ, ಎದುರು ಮನೆಯವರು ಎಂದು ಹೆಸರುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ಗೋ ಮಿಸ್ಸಿಸಾಗಕ್ಕೋ ಹೊಸದಾಗಿ ಬಂದಿಳಿದ ಎಷ್ಟೋ ದಂಪತಿಗಳಿಗೆ ಆ ಸಾಲಿನಲ್ಲಿ ಬರೆಯಲು ಒಂದು ಹೆಸರೂ ಇರುವುದಿಲ್ಲ. ಬಾಡಿಗೆಗೆ ಮನೆ ಕೇಳಿದರೆ ಹಿಂದಿನ ಮಾಲೀಕರ ಮಾತು ಬೇಕು. ಕೆಲಸಕ್ಕೆ ಹೋದರೆ ನಿಮ್ಮನ್ನು ಬಲ್ಲ ಒಬ್ಬಿಬ್ಬರ ಹೆಸರು ಬೇಕು. ಮಗುವಿಗೆ ನಡುರಾತ್ರಿ ಜ್ವರ ಏರಿದರೆ ಆಸ್ಪತ್ರೆಗೆ ಓಡಬೇಕೋ, ಬೆಳಗಿನವರೆಗೆ ಕಾಯಬಹುದೋ ಎಂದು ಕೇಳಲು ಒಬ್ಬರು ಬೇಕು. ಊರು, ಊಟ, ಹಬ್ಬ ಬಿಟ್ಟು ಬಂದೆವೆಂಬ ಕೊರಗು ವಲಸೆ ಹೋದವರಿಗೆಲ್ಲ ಇದ್ದದ್ದೇ. ಆದರೆ ದಿನದ ಬದುಕನ್ನು ಕುಂಟಿಸುವ ನಷ್ಟ ಬೇರೆ. ತಮ್ಮ ಪರವಾಗಿ ಒಂದು ಮಾತು ಹೇಳಬಲ್ಲವರನ್ನು, ತಮಗೆ ಗೊತ್ತಿಲ್ಲದ್ದನ್ನು ತಿಳಿಸಿಕೊಡಬಲ್ಲವರನ್ನು ಅವರು ಹಿಂದೆ ಬಿಟ್ಟು ಬಂದಿರುತ್ತಾರೆ.

ವಲಸಿಗರನ್ನು ಆರಿಸಿಕೊಳ್ಳುವ ಸರ್ಕಾರ ಈ ನಷ್ಟವನ್ನು ಹೆಚ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆನಡಾ 1967ರಲ್ಲಿ ಅಂಕ ಪದ್ಧತಿಯನ್ನು ತಂದಿತು. ಜನಾಂಗ, ಹುಟ್ಟಿದ ದೇಶ ನೋಡದೆ ಓದು, ವಯಸ್ಸು, ಭಾಷೆ, ಕಸುಬು ನೋಡಿ ಜನರನ್ನು ಬರಮಾಡಿಕೊಳ್ಳುವ ಆ ಕ್ರಮ ದೊಡ್ಡ ನ್ಯಾಯವೇ ಆಗಿತ್ತು. ಭಾರತದ ಎಂಜಿನಿಯರು, ಅಕೌಂಟೆಂಟು, ನರ್ಸುಗಳಿಗೆ ಆ ದೇಶದ ಬಾಗಿಲು ಅಗಲವಾಗಿ ತೆರೆದದ್ದು ಅದರಿಂದಲೇ. 2015ರಲ್ಲಿ ಬಂದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಅಭ್ಯರ್ಥಿಗೆ ಸಿಗಬಹುದಾದ ಗರಿಷ್ಠ ಅಂಕ 1,200. ಕೆನಡಾದಲ್ಲಿ ಒಡಹುಟ್ಟಿದವರು ನೆಲೆಸಿದ್ದರೆ ಸಿಗುವುದು 15 ಅಂಕ; ಅದೂ 2017ರಲ್ಲಿ ಸೇರಿಸಿದ್ದು. ಉಳಿದದ್ದೆಲ್ಲ ಹೆಚ್ಚುಕಡಿಮೆ ಅಭ್ಯರ್ಥಿ ಮತ್ತು ಸಂಗಾತಿಯ ಸ್ವಂತ ಅರ್ಹತೆಯ ಅಳತೆ. ಆ ಅರ್ಹತೆಯೊಂದಿಗೆ ಬಂದಿಳಿದವರಿಗೆ ಮೊದಲ ಚಳಿಗಾಲ ಮುಗಿಯುವುದರೊಳಗೆ ಒಂದು ವಿಷಯ ಮನದಟ್ಟಾಗುತ್ತದೆ. ದೇಶದೊಳಗೆ ಬರಲು ಅಂಕ ಸಾಕು, ಅಲ್ಲಿ ಬಾಳಲು ಜನ ಬೇಕು.

ಆ ಜನರನ್ನು ಸಂಪಾದಿಸುವುದು ಹೇಗೆಂದು ಕೇಳಿದರೆ ಹೊಸಬರಿಗೆ ಸಿಗುವ ಬುದ್ಧಿಮಾತು ಸಾಮಾನ್ಯವಾಗಿ ಎರಡು ಬಗೆ. ಪ್ರತಿಭೆಯಿದ್ದರೆ ಸಾಕು, ಯಾರ ಪರಿಚಯವೂ ಬೇಡ ಎನ್ನುವುದು ಒಂದು. ಎಲ್ಲ ಪರಿಚಯದಲ್ಲೇ ಇದೆ, ಹೋಗು, ನಾಲ್ಕು ಜನರ ಕೈಕುಲುಕು, ಅದು ನಿನ್ನ ಜಾಣ್ಮೆಗೆ ಬಿಟ್ಟದ್ದು ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು, ಎರಡನೆಯದು ಅರ್ಧ ಸತ್ಯ. ಹೊಸಬರ ಪರಿಚಯ ಎಷ್ಟು ಹರವಾಗಿರುತ್ತದೋ ಅವರು ಅಷ್ಟು ಸ್ವತಂತ್ರರು ಎಂಬುದು ನನ್ನ ವಾದ. ಆ ಹರವನ್ನು ಕಟ್ಟಿಕೊಡುವ ಹೊಣೆ, ದಾರಿಯೇ ತಿಳಿಯದ ಹೊಸಬರಿಗಿಂತ ಮೊದಲೇ ಬಂದು ನೆಲೆಸಿದವರ ಮೇಲೆ ಹೆಚ್ಚು.

ಪ್ರತಿಭೆಯೊಂದೇ ಸಾಲದು ಎನ್ನುವುದಕ್ಕೆ ಪುರಾವೆ ಇದೆ. ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೋಪೌಲಸ್ ಆ ನಗರದ ಉದ್ಯೋಗ ಜಾಹೀರಾತುಗಳಿಗೆ ಸಾವಿರಾರು ಬಯೋಡೇಟಾಗಳನ್ನು ಕಳಿಸಿ ಪ್ರಯೋಗ ಮಾಡಿದರು. ಅರ್ಹತೆ ಸಮನಾಗಿದ್ದಾಗಲೂ ಇಂಗ್ಲಿಷ್ ಹೆಸರಿನವರಿಗೆ ಬಂದಷ್ಟು ಕರೆ ಭಾರತ, ಪಾಕಿಸ್ತಾನ, ಚೀನಾ ಮೂಲದ ಹೆಸರಿನವರಿಗೆ ಬರಲಿಲ್ಲ. ಹೊರದೇಶದ ಅನುಭವವಷ್ಟೇ ಇದ್ದವರಿಗೆ ಇನ್ನೂ ಕಷ್ಟವಾಯಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳಿದ್ದನ್ನು ವಲಸಿಗರು ಮೊದಲೇ ಅನುಭವದಿಂದ ಬಲ್ಲವರಾಗಿದ್ದರು. ಬೆಂಗಳೂರಿನಲ್ಲಿ ಹತ್ತು ವರ್ಷ ಸೇತುವೆಗಳ ವಿನ್ಯಾಸ ಮಾಡಿದವರಿಗೆ “ಕೆನಡಾದ ಅನುಭವ ಇದೆಯೇ?” ಎಂಬ ಒಂದೇ ಪ್ರಶ್ನೆ ಎದುರಾಗುತ್ತಿತ್ತು. ಕೆಲಸ ಕೊಡದೆ ಅನುಭವ ಬರುವುದಿಲ್ಲ, ಅನುಭವವಿಲ್ಲದೆ ಕೆಲಸ ಕೊಡುವುದಿಲ್ಲ.

ಈ ಅನ್ಯಾಯದ ವಿರುದ್ಧ ಕಾನೂನು ನಿಧಾನವಾಗಿಯಾದರೂ ಎದ್ದಿದೆ. ಅಂಥ ಅನುಭವವನ್ನೇ ಷರತ್ತಾಗಿ ಇಡುವುದು ಮೇಲ್ನೋಟಕ್ಕೇ ತಾರತಮ್ಯ ಎಂದು, ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಹೇಳಿತು. ಎಂಜಿನಿಯರುಗಳಿಗೆ ಪರವಾನಗಿ ಕೊಡುವ ಅಲ್ಲಿನ ಸಂಸ್ಥೆ 2023ರಲ್ಲಿ ಆ ಷರತ್ತನ್ನು ತೆಗೆದುಹಾಕಿತು. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಉದ್ಯೋಗ ಜಾಹೀರಾತಿನಲ್ಲಿ ಕೆನಡಾದ ಅನುಭವ ಕೇಳುವಂತಿಲ್ಲ ಎಂಬ ನಿಯಮಕ್ಕೆ ಒಂಟಾರಿಯೊ 2024ರಲ್ಲಿ ಕಾನೂನು ಮಾಡಿ, 2026ರ ಜನವರಿ 1ನ್ನು ಜಾರಿಯ ದಿನವಾಗಿ ಗೊತ್ತುಮಾಡಿತು. ಇವೆಲ್ಲ ಸ್ವಾಗತಾರ್ಹ. ಆದರೆ ಕಾನೂನು ಜಾಹೀರಾತಿನ ಒಂದು ಸಾಲನ್ನು ಅಳಿಸಬಹುದು, ಸಂದರ್ಶಕರ ಮನಸ್ಸಿನಲ್ಲಿರುವ ಅನುಮಾನವನ್ನು ಅಳಿಸಲಾರದು. ಯಾವ ಪರೀಕ್ಷೆಯನ್ನು ಮೊದಲು ಬರೆದರೆ ಒಳ್ಳೆಯದು, ಬಯೋಡೇಟಾವನ್ನು ಎಷ್ಟು ಪುಟಕ್ಕೆ ಇಳಿಸಬೇಕು, ಸಂದರ್ಶನದಲ್ಲಿ ತಾನೇ ಮಾಡಿದ ಕೆಲಸವನ್ನು “ನಾವು ಮಾಡಿದೆವು” ಎಂದು ಹೇಳಿದರೆ ಅಲ್ಲಿ ಏನು ಅರ್ಥವಾಗುತ್ತದೆ ಎಂಬುದನ್ನು ಕಾನೂನು ಹೇಳಿಕೊಡುವುದಿಲ್ಲ. ಅದನ್ನು ಹೇಳಿಕೊಡುವವರು ಅದೇ ದಾರಿಯಲ್ಲಿ ನಡೆದು ಬಂದವರು.

ಹಾಗಾದರೆ ಎಂಥವರ ಪರಿಚಯ ಬೇಕು? ಇದಕ್ಕೆ ಸಮಾಜಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಉತ್ತರವಿದೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನದಲ್ಲಿ, ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ ಪರಿಚಯದ ಮೂಲಕ ಕೆಲಸ ಹಿಡಿದವರನ್ನು ಕೇಳಿ ಬರೆದುಕೊಂಡ ಲೆಕ್ಕ ಇದೆ. ಕೆಲಸದ ಸುದ್ದಿ ಕೊಟ್ಟವರನ್ನು ಆ ದಿನಗಳಲ್ಲಿ ಪದೇಪದೇ ಭೇಟಿಯಾಗುತ್ತಿದ್ದೆವು ಎಂದವರು ನೂರಕ್ಕೆ 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಭೇಟಿಯಾಗುತ್ತಿದ್ದೆವು ಎಂದವರು ಸುಮಾರು 56, ತೀರಾ ಅಪರೂಪ ಎಂದವರು ಸುಮಾರು 28. ಆಪ್ತ ಗೆಳೆಯರಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚು, ನಿಜ. ಆದರೆ ನಮಗೆ ಗೊತ್ತಿರುವುದೇ ಅವರಿಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಓಡಾಡುವ ಲೋಕ ಬೇರೆ. ಹೊಸ ಸುದ್ದಿ ಬರುವುದು ಅಲ್ಲಿಂದ. ಸುಮಾರು ಐವತ್ತು ವರ್ಷಗಳ ಬಳಿಕ, 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ಐದು ವರ್ಷಗಳಲ್ಲಿ ನಡೆದ ಪ್ರಯೋಗಗಳನ್ನು ಪರಿಶೀಲಿಸಿ ಹೆಚ್ಚುಕಡಿಮೆ ಇದೇ ಮಾತಿಗೆ ಬಂತು, ಒಂದು ತಿದ್ದುಪಡಿಯೊಂದಿಗೆ. ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದ ನಡುವಿನ ಪರಿಚಯದವರಿಂದ ಕೆಲಸ ಬದಲಾವಣೆಗೆ ಸಿಗುವ ನೆರವು ಹೆಚ್ಚು.

ಊರಲ್ಲಿ ಈ ನಡುವಿನ ಪರಿಚಯಗಳನ್ನು ಯಾರೂ ಕಟ್ಟಬೇಕಾಗಿಲ್ಲ. ಕಾಲೇಜಿನ ಸಹಪಾಠಿ, ಅಣ್ಣನ ಸ್ನೇಹಿತ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು, ಹಳೆಯ ಕಚೇರಿಯ ಮೇಲಧಿಕಾರಿ, ಹೀಗೆ ಮೂವತ್ತು ವರ್ಷ ಬದುಕಿದ್ದರಿಂದಲೇ ಅವು ಬೆಳೆದಿರುತ್ತವೆ. ವಲಸೆ ಅಳಿಸಿಹಾಕುವುದು ಇದನ್ನೇ. ಅಪ್ಪ ಅಮ್ಮ, ಜೀವದ ಗೆಳೆಯರು ವಾಟ್ಸ್ಆ್ಯಪ್‌ನಲ್ಲಿ ಪ್ರತಿದಿನ ಸಿಗುತ್ತಾರೆ. ನಡುವಿನ ವರ್ತುಲ ಮಾತ್ರ ಪೂರ್ತಿ ಖಾಲಿ. ಅದು ಖಾಲಿಯೆಂದು ಗೊತ್ತಾಗದೆ, ಕೆಲಸ ಸಿಗದ್ದಕ್ಕೆ ತಮ್ಮಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಕುಗ್ಗುವವರು ಎಷ್ಟೋ ಮಂದಿ.

ಇಲ್ಲಿ ನಮ್ಮವರಿಗೆ ಒಂದು ಅಳುಕು ಕಾಡುತ್ತದೆ, ಅದು ಗೌರವಕ್ಕೆ ಅರ್ಹವಾದದ್ದು. ವಶೀಲಿಯಿಂದ ಕೆಲಸ ಗಿಟ್ಟಿಸುವುದನ್ನು ಊರಲ್ಲಿ ಕಂಡು ಬೇಸತ್ತವರು, ಇಲ್ಲೂ ಅದೇ ಮಾಡಬೇಕೇ ಎಂದು ಹಿಂಜರಿಯುತ್ತಾರೆ. ಒಬ್ಬರ ಬಳಿ ಹೋಗಿ ಕೇಳಿದರೆ ಅವರ ಹಂಗಿಗೆ ಬಿದ್ದಂತೆ ಎಂಬ ಭಾವನೆಯೂ ಇದೆ. ಆದರೆ ಕೇಳುವುದರಲ್ಲಿ ಎರಡು ಬಗೆಯಿದೆ. ಅರ್ಹರನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಕೂರಿಸಿ ಎಂದು ಕೇಳಿದರೆ ಅದು ವಶೀಲಿ. ಈ ಕಸುಬು ಈ ಊರಲ್ಲಿ ಹೇಗೆ ನಡೆಯುತ್ತದೆ ತಿಳಿಸಿ, ನನ್ನ ಕೆಲಸ ನೋಡಿದ ಮೇಲೆ ನಿಮಗೆ ಅನ್ನಿಸಿದ್ದನ್ನು ಹೇಳಿ ಎಂದು ಕೇಳಿದರೆ ಅದು ಕಲಿಕೆ. ಹತ್ತು ವರ್ಷ ಬೆಂಗಳೂರಿನಲ್ಲಿ ದುಡಿದವರ ಅರ್ಹತೆ ಕಾಗದದ ಮೇಲೆ ಕಾಣದಿದ್ದಾಗ ಅದನ್ನು ಕಣ್ಣಾರೆ ಕಂಡ ಒಬ್ಬರು ಹೇಳುವ ಮಾತು ಅನ್ಯಾಯವಲ್ಲ. ಅನ್ಯಾಯವನ್ನು ಸರಿಪಡಿಸುವ ಮಾತು.

ಆದರೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಪರಿಚಯದಿಂದ ಕೆಲಸ ಸಿಗುವ ವ್ಯವಸ್ಥೆಯಲ್ಲಿ ಪರಿಚಯವಿಲ್ಲದವರು ಸೋಲುತ್ತಾರೆ. ಕಂಪನಿಯೊಳಗಿನವರು ತಮ್ಮವರ ಹೆಸರನ್ನೇ ಮುಂದಿಟ್ಟರೆ ಹೊರಗಿರುವವರು ಹೊರಗೇ ಉಳಿಯುತ್ತಾರೆ. ಇದಕ್ಕೆ ಪರಿಹಾರ ಪರಿಚಯವನ್ನೇ ತ್ಯಜಿಸುವುದಲ್ಲ. ಹಾಗೆ ಮಾಡಿದರೆ ನಷ್ಟವಾಗುವುದು ಮತ್ತೆ ಹೊಸಬರಿಗೇ. ಪರಿಚಯ ಎಲ್ಲರಿಗೂ ಎಟುಕುವಂತೆ ಅದನ್ನು ಸಾರ್ವಜನಿಕ ವ್ಯವಸ್ಥೆಯಾಗಿ ಕಟ್ಟಬೇಕು.

ಈಗ ನಮ್ಮ ಕನ್ನಡ ಸಂಘಗಳ ವಿಷಯಕ್ಕೆ ಬರೋಣ. ಹೊರದೇಶದ ಊರಿನಲ್ಲಿ ಮೊದಲು ಕೈಹಿಡಿಯುವುದು ಅವೇ. ರಾಜ್ಯೋತ್ಸವದ ದಿನ ಬಾಡಿಗೆ ಸಭಾಂಗಣದಲ್ಲಿ ಮಕ್ಕಳು ನಾಡಗೀತೆ ಹಾಡುವಾಗ, ಪಂಕ್ತಿಯಲ್ಲಿ ಬಿಸಿಬೇಳೆಬಾತ್ ಬಡಿಸುವವರು “ಯಾವಾಗ ಬಂದ್ರಿ? ಮನೆ ಸಿಕ್ತಾ?” ಎಂದು ವಿಚಾರಿಸುವಾಗ ಸಿಗುವ ಸಮಾಧಾನವನ್ನು ಕಡಿಮೆಯೆನ್ನಲು ಸಾಧ್ಯವಿಲ್ಲ. ಹಳೆಯ ಸೋಫಾ, ಚಳಿಗಾಲದ ಕೋಟು, ಬಾಣಂತಿಗೆ ಸಾರು ಅನ್ನ ಬರುವುದು ಇದೇ ಬಳಗದಿಂದ. ಇಂಥ ಆಸರೆ ಇಲ್ಲದೆ ಹೊಸಬರು ನಿಲ್ಲಲಾರರು. ಆದರೆ ಭತ್ತದ ಸಸಿ ಮಡಿಯಲ್ಲಿ ಒತ್ತೊತ್ತಾಗಿ ಬೆಳೆಯುವುದು ಮೊದಲ ಕೆಲವು ವಾರ ಮಾತ್ರ. ಕಿತ್ತು, ಅಂತರ ಬಿಟ್ಟು ಗದ್ದೆಯಲ್ಲಿ ನೆಟ್ಟಾಗಲೇ ಅದು ತೆಂಡೆ ಒಡೆದು ತೆನೆ ಕಟ್ಟುತ್ತದೆ. ಮಡಿಯಲ್ಲೇ ಉಳಿದರೆ ಸೊರಗುತ್ತದೆ. ನಮ್ಮ ಎಷ್ಟೋ ಸಂಘಗಳು ಒಳ್ಳೆಯ ಮಡಿಗಳಾಗಿವೆ, ನಾಟಿಯ ಕೆಲಸಕ್ಕೆ ಇನ್ನೂ ಕೈಹಾಕಿಲ್ಲ.

ಮಡಿಯಲ್ಲೇ ಉಳಿಯುವುದರಿಂದ ಆಗುವ ಕೇಡು ಬೆಳವಣಿಗೆ ನಿಲ್ಲುವುದಷ್ಟೇ ಅಲ್ಲ. ಒಬ್ಬರನ್ನೇ ನಂಬಿ ಬಂದವರು ಆ ಒಬ್ಬರ ಮಾತಿಗೆ ಎದುರಾಡಲಾರರು. ಸ್ವಂತ ಭಾಷೆಯವರ ಅಂಗಡಿಯಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಹಣಕ್ಕೆ, ಲೆಕ್ಕಪತ್ರವಿಲ್ಲದೆ ದುಡಿಯುವವರು, ಉದ್ಯೋಗ ಪರವಾನಗಿಗೆ ಬೇಕಾದ ಎಲ್‌ಎಂಐಎ ಪತ್ರಕ್ಕೆ ಕಾನೂನು ಮೀರಿ ಸಾವಿರಾರು ಡಾಲರ್ ತೆತ್ತವರು, ಮನೆಗೆ ಕಾಫಿಗೆಂದು ಕರೆದವರು ಕೊನೆಗೆ ಸರಪಣಿ ಮಾರಾಟದ ಯೋಜನೆಗೆ ಸೇರಿಸಿದಾಗ ಬೇಡವೆನ್ನಲಾಗದೆ ಉಳಿತಾಯ ಕಳೆದುಕೊಂಡವರು ವಲಸಿಗರ ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಇವರಿಗೆ ಕಾನೂನು ಗೊತ್ತಿರುವ ಇನ್ನೊಬ್ಬರು, ಬೇರೆ ಕೆಲಸದ ಸುಳಿವು ಕೊಡುವ ಮತ್ತೊಬ್ಬರು ಗೊತ್ತಿದ್ದರೆ ಇಷ್ಟು ಸಿಕ್ಕಿಬೀಳುತ್ತಿರಲಿಲ್ಲ. ಹಂಗಿಗೆ ಹೆದರಿ ಜನರಿಂದ ದೂರ ಉಳಿದವರೇ ಕೊನೆಗೆ ಯಾರೋ ಒಬ್ಬರ ಹಂಗಿಗೆ ಪೂರ್ತಿಯಾಗಿ ಬೀಳುತ್ತಾರೆ. ಐವತ್ತು ಜನರ ಅಲ್ಪಸ್ವಲ್ಪ ಪರಿಚಯವಿದ್ದವರು ಯಾರಿಗೂ ಅಡಿಯಾಳಾಗಬೇಕಿಲ್ಲ. ಪರಿಚಯದ ಹರವನ್ನು ನಾನು ಸ್ವಾತಂತ್ರ್ಯವೆಂದು ಕರೆದದ್ದು ಇದೇ ಕಾರಣಕ್ಕೆ.

ಇಂಥ ಹರವನ್ನು ಕಟ್ಟುವುದು ಕನ್ನಡ ನಾಡಿನವರಿಗೆ ಹೊಸದೇನಲ್ಲ. ಇಪ್ಪತ್ತನೆಯ ಶತಮಾನದ ಮುಂಬಯಿಯನ್ನು ನೆನೆಯಿರಿ. ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಅಲ್ಲಿ ಪಾಸಾದವರು ಬ್ಯಾಂಕು, ಕಚೇರಿ, ಕಾಲೇಜು ಸೇರಿದರು. ಕೆಲವರು ತಾವೇ ಹೋಟೆಲು ತೆರೆದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ ಹುಟ್ಟಿದವು. ಬಿಲ್ಲವರ ಅಸೋಸಿಯೇಷನ್ನಿನ ಆಶ್ರಯದಲ್ಲಿ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಆರಂಭವಾಯಿತು. ಅಂದು ರಾತ್ರಿ ಶಾಲೆ ನಡೆಸಿದವರು ಹುಡುಗರಿಗೆ ಹಬ್ಬದೂಟ ಹಾಕಿ ಸುಮ್ಮನಾಗಲಿಲ್ಲ. ಹೋಟೆಲಿನ ಹಿತ್ತಲಿನಿಂದ ನಗರದ ಇತರ ಕಸುಬುಗಳಿಗೆ ದಾರಿ ಮಾಡಿಕೊಟ್ಟರು. ಹುಡುಗನ ಜಾಣತನವೊಂದನ್ನೇ ನೆಚ್ಚದೆ ಸಂಸ್ಥೆ ಕಟ್ಟಿದ್ದು ಅವರ ದೊಡ್ಡತನ.

ಆ ಪರಂಪರೆಯಲ್ಲಿ ಒಂದು ಮಿತಿಯೂ ಇತ್ತು. ಆ ಸಂಸ್ಥೆಗಳಲ್ಲಿ ಹಲವು ಜಾತಿಯ ಹೆಸರಿನಲ್ಲೇ ನಿಂತವು. ಊರಲ್ಲಿ ಆಸ್ತಿಯೂ ಅಧಿಕಾರವೂ ಇಲ್ಲದ ಕೆಲವು ಸಮುದಾಯಗಳು ಹಾಗೆ ಒಗ್ಗೂಡಿದ್ದರಲ್ಲಿ ಆತ್ಮಗೌರವದ ಹೋರಾಟವಿತ್ತು, ನಿಜ. ಆದರೆ ಈಗಲೂ ಹೊರದೇಶದಲ್ಲಿ ಪರಿಚಯದ ಮೊದಲ ಐದು ನಿಮಿಷದಲ್ಲೇ ಮನೆತನ, ಮಠ, ಊಟದ ಪದ್ಧತಿ ಕೇಳಿ ಜಾತಿ ಗುರುತಿಸಿ, ಅದರಂತೆ ಆತ್ಮೀಯತೆಯನ್ನು ಅಳೆದುಕೊಡುವ ಅಭ್ಯಾಸ ಉಳಿದಿದೆ. ದಲಿತ ಹಿನ್ನೆಲೆಯ ಯುವಕ ಯುವತಿಯರಿಗೆ ಇದರಿಂದಾಗಿ ನಮ್ಮವರ ಕೂಟವೇ ಎಲ್ಲಕ್ಕಿಂತ ಇಕ್ಕಟ್ಟಿನ ಜಾಗವಾಗುತ್ತದೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಮರುತಿಂಗಳು ಟೊರಾಂಟೊ ಜಿಲ್ಲಾ ಶಾಲಾ ಮಂಡಳಿ ಈ ಪ್ರಶ್ನೆಯನ್ನು ಮಾನವ ಹಕ್ಕುಗಳ ಆಯೋಗದ ಮುಂದಿಡಲು ತೀರ್ಮಾನಿಸಿತು. ಪರದೇಶದ ಸಂಸ್ಥೆಗಳು ಗಮನಿಸಬೇಕಾಗಿ ಬಂದದ್ದನ್ನು ನಾವು ಕಾಣದಂತೆ ಇರುವುದು ಸರಿಯಲ್ಲ. ಜಾತಿ ಕೇಳಿ ತೆರೆಯುವ ಬಳಗವನ್ನು ಆಸರೆಯೆಂದು ಕರೆಯಲಾಗದು.

ಹೆಣ್ಣುಮಕ್ಕಳ ಕಷ್ಟ ಇನ್ನೊಂದು ಬಗೆಯದು. ಗಂಡನಿಗೆ ಕಚೇರಿಯ ಮೂಲಕ ಹತ್ತಾರು ಜನ ಗೊತ್ತಾಗುತ್ತಾರೆ. ಊರಲ್ಲಿ ಉಪನ್ಯಾಸಕಿಯೋ ಲೆಕ್ಕಪರಿಶೋಧಕಿಯೋ ಆಗಿದ್ದ ಹೆಂಡತಿ ಮಗುವಿನೊಂದಿಗೆ ಮನೆಯಲ್ಲಿ ಉಳಿಯುತ್ತಾಳೆ. ಅವಳ ಪರಿಚಯಗಳೆಲ್ಲ “ಇಂಥವರ ಹೆಂಡತಿ” ಎಂಬ ಗುರುತಿನಲ್ಲೇ ಬರುತ್ತವೆ. ಮೂರು ನಾಲ್ಕು ವರ್ಷ ಕಳೆದ ಮೇಲೆ ಮತ್ತೆ ಕೆಲಸ ಹುಡುಕಹೊರಟರೆ ಅವಳಿಗೆ ಅವಳದೇ ಕಸುಬಿನ ಒಬ್ಬರೂ ಗೊತ್ತಿರುವುದಿಲ್ಲ. ಕುಟುಂಬದ ಮೊದಲ ವರ್ಷದ ಯೋಜನೆಯಲ್ಲಿ ಅವಳ ಕಸುಬಿನ ಬಳಗಕ್ಕೂ ಸಮಯ ಮತ್ತು ಹಣ ತೆಗೆದಿಡಬೇಕು. ವಾರಕ್ಕೊಂದು ಸಂಜೆ ಮಗುವನ್ನು ಗಂಡ ನೋಡಿಕೊಂಡರೆ ಅದೇ ಒಳ್ಳೆಯ ಆರಂಭ.

ಹಾಗಾದರೆ ಹೊಸಬರು ಮಾಡಬೇಕಾದದ್ದು ಏನೂ ಇಲ್ಲವೇ? ಇದೆ. ಮೊದಲನೆಯದು, ಕಸುಬಿನವರನ್ನು ಕಂಡಾಗ ಕೆಲಸ ಕೊಡಿಸಿ ಎಂದು ಕೇಳದೆ ಕೆಲಸದ ಬಗ್ಗೆ ಕೇಳುವುದು. ಇಪ್ಪತ್ತು ನಿಮಿಷದ ಕಾಫಿಗೆ ಒಪ್ಪಿದವರನ್ನು ಅವರ ದಿನ ಹೇಗಿರುತ್ತದೆ, ಯಾವ ಕೌಶಲಕ್ಕೆ ಬೆಲೆಯಿದೆ, ಅವರು ಹೊಸಬರ ಜಾಗದಲ್ಲಿದ್ದರೆ ಮುಂದೇನು ಮಾಡುತ್ತಿದ್ದರು ಎಂದು ಕೇಳಿದರೆ ಹೆಚ್ಚಿನವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಅವರು ಹೇಳಿದ್ದನ್ನು ಮಾಡಿ, ಏನಾಯಿತೆಂದು ತಿಂಗಳ ಬಳಿಕ ನಾಲ್ಕು ಸಾಲು ಬರೆದರೆ ಅಲ್ಲಿಂದ ಪರಿಚಯ ಬೇರೂರುತ್ತದೆ. ಎರಡನೆಯದು, ಮನೆಯ ಸುತ್ತಲಿನ ಸಾರ್ವಜನಿಕ ಜಾಗಗಳನ್ನು ಬಳಸುವುದು. ಒಂಟಾರಿಯೊದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೂ ಪೋಷಕರಿಗೂ ಅರ್ಲಿಆನ್ ಕೇಂದ್ರಗಳು ಉಚಿತವಾಗಿವೆ. ಗ್ರಂಥಾಲಯಗಳಲ್ಲಿ ಕಥೆ ಹೇಳುವ ಗಂಟೆಯಿದೆ, ಶಾಲೆಯಲ್ಲಿ ಪೋಷಕರ ಮಂಡಳಿಯಿದೆ. ಲಿಂಕ್ ಎಂಬ ಉಚಿತ ಇಂಗ್ಲಿಷ್ ತರಗತಿಗಳಲ್ಲಿ ಸಿರಿಯಾದವರು, ಕೊಲಂಬಿಯಾದವರು, ಫಿಲಿಪ್ಪೀನ್ಸಿನವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮೂರನೆಯದು, ಕೊಡುವುದನ್ನು ಬೇಗ ಶುರುಮಾಡುವುದು. ಬಂದು ಆರು ತಿಂಗಳಾದವರ ಬಳಿ ನಿನ್ನೆ ಬಂದವರಿಗೆ ಹೇಳಲು ಬೇಕಾದಷ್ಟಿರುತ್ತದೆ. ಆಹಾರ ಬ್ಯಾಂಕಿನಲ್ಲಿ ಶನಿವಾರ ಬೆಳಿಗ್ಗೆ ಡಬ್ಬಿ ಜೋಡಿಸುವಾಗ ಪಕ್ಕದಲ್ಲಿ ನಿಂತವರು ನಿಮ್ಮ ಕೈಗುಣವನ್ನು ನೋಡುತ್ತಾರೆ. ನಾಳೆ ನಿಮ್ಮ ಬಗ್ಗೆ ಹೇಳಲು ಅವರಿಗೆ ಕಂಡದ್ದೊಂದು ಇರುತ್ತದೆ.

ಆದರೆ ಇಷ್ಟನ್ನು ಹೇಳಿ ಹೊಸಬರನ್ನು ಅವರ ಪಾಡಿಗೆ ಬಿಟ್ಟರೆ ಸಂಕೋಚ ಸ್ವಭಾವದವರು, ಇಂಗ್ಲಿಷ್ ತಡವರಿಸುವವರು, ಎರಡು ಪಾಳಿ ದುಡಿಯುವವರು ಹಿಂದೆ ಉಳಿಯುತ್ತಾರೆ. ಅದಕ್ಕೇ ವ್ಯವಸ್ಥೆ ಬೇಕು. ಟೊರಾಂಟೊ ಪ್ರದೇಶದ ವಲಸಿಗರ ಉದ್ಯೋಗಕ್ಕಾಗಿ 2003ರಲ್ಲಿ ಹುಟ್ಟಿದ ‘ಟ್ರಿಯೆಕ್’ ಎಂಬ ಸಂಸ್ಥೆ ಮರುವರ್ಷದಿಂದ ಒಂದು ಕಾರ್ಯಕ್ರಮ ನಡೆಸುತ್ತಿದೆ. ಹೊಸದಾಗಿ ಬಂದವರನ್ನು ಅದೇ ಕಸುಬಿನಲ್ಲಿ ನೆಲೆಯೂರಿದ ಒಬ್ಬರೊಂದಿಗೆ ಕೆಲವು ತಿಂಗಳ ಮಟ್ಟಿಗೆ ಜೋಡಿಸುವುದು ಅದರ ಕ್ರಮ. ಹೊಸಬರು ಯಾರನ್ನೂ ಬೇಡಬೇಕಿಲ್ಲ. ನೆಲೆಸಿದವರೇ ಸಮಯ ಕೊಡುತ್ತೇನೆಂದು ಮೊದಲೇ ಹೆಸರು ಬರೆಸಿರುತ್ತಾರೆ. ಸಿಲಿಕಾನ್ ವ್ಯಾಲಿಯಲ್ಲಿ ನಮ್ಮ ಉಪಖಂಡದ ಉದ್ಯಮಿಗಳು 1992ರಲ್ಲಿ ‘ಟೈ’ ಸಂಸ್ಥೆ ಕಟ್ಟಿದಾಗಲೂ ಅದರ ತಿರುಳು ಇದೇ ಆಗಿತ್ತು. ಗೆದ್ದವರು ಆಗಷ್ಟೇ ಕಂಪನಿ ತೆರೆಯಹೊರಟವರ ಜೊತೆ ಕೂತು ದಾರಿ ತೋರಿಸಬೇಕೆಂಬ ನಿಯಮ.

ಜಗತ್ತಿನ ಯಾವ ಊರಿನ ಕನ್ನಡ ಸಂಘವೂ ಇದನ್ನು ಮಾಡಬಹುದು, ಖರ್ಚೂ ಹೆಚ್ಚಿಲ್ಲ. ಸದಸ್ಯತ್ವದ ಅರ್ಜಿಯಲ್ಲಿ ಕಸುಬನ್ನು ಬರೆಸಿಕೊಂಡು, ಹೊಸಬರಿಗೆ ವರ್ಷಕ್ಕೆ ಹತ್ತು ಗಂಟೆ ಕೊಡಬಲ್ಲಿರಾ ಎಂದು ಕೇಳಲಿ. ತಿಂಗಳಿಗೊಂದು ಭಾನುವಾರ ಬಯೋಡೇಟಾ ತಿದ್ದಿಸಿ, ಅಭ್ಯಾಸದ ಸಂದರ್ಶನ ನಡೆಸಲಿ. ಕಾರ್ಮಿಕ ಕಾನೂನು, ಬಾಡಿಗೆದಾರರ ಹಕ್ಕು ಬಲ್ಲವರನ್ನು ಯುಗಾದಿಯ ವೇದಿಕೆಗೂ ಕರೆಸಲಿ. ಪಕ್ಕದ ತಮಿಳು, ಪಂಜಾಬಿ, ಸೊಮಾಲಿ ಸಂಘಗಳ ಜೊತೆ ವರ್ಷಕ್ಕೆ ಒಂದೆರಡು ಸಲವಾದರೂ ಕೂತು ಮಾತಾಡಲಿ. ಜಾತಿಯ ಮಾತು ಈ ಕೆಲಸದಲ್ಲಿ ಸುಳಿಯಕೂಡದೆಂದು ನಿಯಮಾವಳಿಯಲ್ಲೇ ಬರೆದುಕೊಳ್ಳಲಿ.

ಇದನ್ನು ಉಪಕಾರವೆಂದು ಯಾರೂ ಭಾವಿಸಬೇಕಾಗಿಲ್ಲ. ಹೊರದೇಶದಲ್ಲಿ ನೆಲೆಸಿದ ಹೆಚ್ಚಿನವರ ಹಿಂದೆಯೂ ಮೊದಲ ಮನೆ ಹುಡುಕಿಕೊಟ್ಟ ಒಬ್ಬರು, ಮೊದಲ ಕೆಲಸಕ್ಕೆ ಒಂದು ಮಾತು ಹೇಳಿದ ಇನ್ನೊಬ್ಬರು ಇರುತ್ತಾರೆ. ಅವರಿಗೆ ಅದನ್ನು ಹಿಂದಿರುಗಿಸಲು ಆಗುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಆ ಋಣ ತೀರುವುದು ಮುಂದೆ ಬರುವವರಿಗೆ ಕೊಟ್ಟಾಗ. ಹೊಸಬರಿಗೆ ಹತ್ತು ಕಡೆ ಪರಿಚಯ ಮಾಡಿಸಿ, ಯಾರ ಹಂಗೂ ಇಲ್ಲದೆ ನಿಲ್ಲುವಂತೆ ಮಾಡಿದ ಸಂಘವನ್ನೇ ನಾವು ಒಳ್ಳೆಯ ಸಂಘವೆಂದು ಕರೆಯೋಣ. ಅದು ಎಷ್ಟು ದೊಡ್ಡ ಸಮ್ಮೇಳನ ನಡೆಸಿತು ಎಂಬುದು ಆಮೇಲಿನ ಮಾತು.